ಸರ್ಕಿಟ್ ಬೋರ್ಡಿನ ತಪ್ಪು ಹಿಡಿಯಲು ಯಾವ ಭಾಷೆ?

ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಅಮರಾಪುರವು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡ ಊರಲ್ಲ. ಆದರೆ ಅಲ್ಲಿಯ ಮನೆಗಳ ಪರಿಸ್ಥಿತಿಯನ್ನು ಯಾರೂ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಎರಡೂ. ಮಡಕಶಿರಾ ಸೀಮೆಯನ್ನು ಮೂರು ದಿಕ್ಕಿನಿಂದಲೂ ಕರ್ನಾಟಕವೇ ಸುತ್ತುವರಿದಿದೆ. ಅಮರಾಪುರ ಮಂಡಲಕ್ಕೆ ಸೇರಿದ ಹೇಮಾವತಿಯು ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬ ಅರಸರ ರಾಜಧಾನಿಯಾಗಿದ್ದ ಸ್ಥಳ. ಅಲ್ಲಿಯ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಹಾಗಿದ್ದರೂ 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಮಡಕಶಿರಾ ಮತ್ತು ರಾಯದುರ್ಗಗಳು ಆ ಕಡೆಯಲ್ಲೇ ಉಳಿದುವು. ಮೂರು ವರ್ಷಗಳ ಬಳಿಕ, 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿತು. 2022ರ ಜಿಲ್ಲಾ ವಿಂಗಡಣೆಯಲ್ಲಿ ಅಮರಾಪುರವು ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಇಂತಹ ಗಡಿ ಊರುಗಳ ಮಕ್ಕಳು ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಮುಗಿಸಿದ ಮೇಲೆ ಕೆಲಸಕ್ಕಾಗಿ ಮುಖ ಮಾಡುವುದು ಬೆಂಗಳೂರಿನ ಕಡೆಗೆ. ಪೊವ್ವಲ್‌ನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲೋ ಪೆರಿಯದ ಪಾಲಿಟೆಕ್ನಿಕ್‌ನಲ್ಲೋ ಕಲಿತ ನಮ್ಮ ಮಕ್ಕಳ ದಾರಿಯೂ ಬೇರೆಯಲ್ಲ. ಅಲ್ಲಿ ಸಿಗುವ ಉದ್ಯೋಗಗಳಲ್ಲಿ ಸರ್ಕಿಟ್ ಬೋರ್ಡುಗಳ ವಿನ್ಯಾಸ ಒಂದು. ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆಯೊಂದಿದೆ. ತಾವು ಬರೆದ ಬೋರ್ಡಿನ ನಕ್ಷೆಯಲ್ಲಿ ತಪ್ಪಿದೆಯೇ ಎಂದು ಕಂಪ್ಯೂಟರಿನಿಂದಲೇ ಪರೀಕ್ಷೆ ಮಾಡಿಸಲು ಸಣ್ಣ ಕ್ರಮವಿಧಿಗಳನ್ನು ಬರೆಯಬೇಕಾಗುತ್ತದೆ. ಅವುಗಳನ್ನು ಯಾವ ಭಾಷೆಯಲ್ಲಿ ಬರೆಯುವುದು? ಕೇಳುವುದಕ್ಕೆ ಇದು ಸಣ್ಣ ಮಾತು. ಆದರೆ ಇದರ ಮೇಲೆ ಒಂದು ಸಂಸ್ಥೆಯ ಹಣವೂ ಒಬ್ಬ ರೈತನ ಪ್ರಾಣವೂ ನಿಂತಿರಬಹುದು.

ಕೊಳವೆಬಾವಿಯ ಪೆಟ್ಟಿಗೆಯೊಳಗೆ

ಅಮರಾಪುರದ ಕಡೆ ಮಳೆ ಕಡಮೆ. ನಮ್ಮಲ್ಲಿಯಂತೆ ಜೂನ್ ತಿಂಗಳಲ್ಲಿ ತೋಡು ತುಂಬಿ ಹರಿಯುವುದಿಲ್ಲ. ಬೇಸಾಯ ನಡೆಯಬೇಕಾದರೆ ಕೊಳವೆಬಾವಿಯೇ ಗತಿ. ಪಂಪಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನದ ನಿಗದಿಯಾದ ಗಂಟೆಗಳಲ್ಲಿ ಮಾತ್ರ ಬರುತ್ತದೆ. ಆದ್ದರಿಂದ ಕರೆಂಟು ಬಂದೊಡನೆ ಮೋಟಾರನ್ನು ತಾನಾಗಿ ಚಾಲೂ ಮಾಡುವ, ಒಂದು ಫೇಸು ಹೋದರೆ ಕೂಡಲೇ ನಿಲ್ಲಿಸುವ, ಮನೆಯಿಂದ ಮೊಬೈಲಿನಲ್ಲಿ ಕೊಟ್ಟ ಅಪ್ಪಣೆಯನ್ನು ಪಾಲಿಸುವ ಸ್ಟಾರ್ಟರು ಪೆಟ್ಟಿಗೆಗಳು ಈಗ ದೇಶದ ಒಣಭೂಮಿಯ ಹೊಲಗಳಲ್ಲೆಲ್ಲ ಬಳಕೆಗೆ ಬಂದಿವೆ.

ಆ ಪೆಟ್ಟಿಗೆಯನ್ನು ತೆರೆದರೆ ಒಳಗೆ ಅಂಗೈಯಗಲದ ಒಂದು ಹಲಗೆ. ಅದರ ಮೇಲೆ ಟ್ರ್ಯಾಕ್ ಎಂದು ಕರೆಯುವ ತಾಮ್ರದ ಗೆರೆಗಳು. ಹಲಗೆಯ ಒಂದು ಬದಿಗೆ 415 ವೋಲ್ಟಿನ ಮೂರು ಫೇಸುಗಳು ಬರುತ್ತವೆ. ಇನ್ನೊಂದು ಬದಿಯಲ್ಲಿ 5 ವೋಲ್ಟಿನಲ್ಲಿ ಕೆಲಸ ಮಾಡುವ ಚಿಪ್ಪು ಇರುತ್ತದೆ. ಈ ಎರಡರ ನಡುವೆ ಸಾಕಷ್ಟು ಅಂತರ ಇಲ್ಲದಿದ್ದರೆ, ಹೊಲದ ಧೂಳು ಮತ್ತು ಇಬ್ಬನಿಯ ತೇವ ಸೇರಿ ಹಲಗೆಯ ಮೇಲ್ಮೈಯಲ್ಲಿ ವಿದ್ಯುತ್ತು ಹರಿದಾಡಲು ದಾರಿಯಾಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಚಿಪ್ಪು ಸುಟ್ಟುಹೋಗಿ ಕೆಲಸ ನಿಲ್ಲುತ್ತದೆ. ಇಲ್ಲದಿದ್ದರೆ ರೈತನ ಬೆರಳು ತಾಗುವ ಗುಂಡಿಯವರೆಗೆ 415 ವೋಲ್ಟು ಬಂದು ನಿಲ್ಲುತ್ತದೆ. ಈ ಅಂತರ ಎಷ್ಟಿರಬೇಕೆಂಬುದಕ್ಕೆ ಐ.ಇ.ಸಿ. 60664 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ವೋಲ್ಟೇಜು ಎಷ್ಟು, ಧೂಳು ತೇವ ಎಷ್ಟು, ಹಲಗೆ ಯಾವ ವಸ್ತುವಿನದು ಎಂಬುದನ್ನು ನೋಡಿ ಅದರ ಕೋಷ್ಟಕದಿಂದ ಅಂತರವನ್ನು ತೆಗೆಯಬೇಕು.

ಬೋರ್ಡಿನ ವಿನ್ಯಾಸ ಮಾಡುವ ಪ್ರತಿಯೊಂದು ತಂತ್ರಾಂಶದಲ್ಲೂ ತಪಾಸಣೆಯ ಏರ್ಪಾಡು ಇದ್ದೇ ಇರುತ್ತದೆ. ಎರಡು ಗೆರೆಗಳು ಒಂದನ್ನೊಂದು ಮುಟ್ಟಿವೆಯೇ, ರಂಧ್ರ ಅಂಚಿಗೆ ತೀರ ಹತ್ತಿರವಾಗಿದೆಯೇ ಎಂಬುದನ್ನೆಲ್ಲ ಅದು ಕ್ಷಣಮಾತ್ರದಲ್ಲಿ ಹೇಳುತ್ತದೆ. ಆದರೆ ಯಾವ ಗೆರೆಯಲ್ಲಿ 415 ವೋಲ್ಟು ಹರಿಯುತ್ತದೆ, ಯಾವುದರಲ್ಲಿ 5 ವೋಲ್ಟು ಎಂಬುದು ನಾವು ಹೇಳದೆ ಅದಕ್ಕೆ ತಿಳಿಯದು. ಅದರ ಕಣ್ಣಿಗೆ ಎಲ್ಲವೂ ಬರಿಯ ತಾಮ್ರ. ಆದ್ದರಿಂದ ಪ್ರತಿ ಸಂಸ್ಥೆಯೂ ತನ್ನ ಕೆಲಸಕ್ಕೆ ತಕ್ಕ ವಿಶೇಷ ನಿಯಮಗಳನ್ನು ತಾನೇ ಸೇರಿಸಿಕೊಳ್ಳಬೇಕಾಗುತ್ತದೆ. ನಮ್ಮ ಸ್ಟಾರ್ಟರು ಬೋರ್ಡಿಗೆ ಮೂರು ನಿಯಮಗಳನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ.

ಒಂದು: 415 ವೋಲ್ಟಿನ ಗೆರೆಗೂ 5 ವೋಲ್ಟಿನ ಗೆರೆಗೂ ನಡುವೆ ಹಲಗೆಯ ಮೇಲ್ಮೈಯಲ್ಲಿ 8 ಮಿಲಿಮೀಟರ್ ಅಂತರ ಇರಬೇಕು.

ಎರಡು: ಪ್ರತಿಯೊಂದು ರಿಲೇಯ ಕಾಯಿಲಿಗೆ ಅದರದೇ ಆದ ಡಯೋಡು ಇರಬೇಕು, ಅದು 10 ಮಿಲಿಮೀಟರಿನೊಳಗೇ ಇರಬೇಕು.

ಮೂರು: ತಂತಿ ಸಿಕ್ಕಿಸುವ ಪ್ರತಿಯೊಂದು ಟರ್ಮಿನಲ್ಲಿನ ಪಕ್ಕದಲ್ಲಿ ಅದರ ಹೆಸರು ಅಚ್ಚಾಗಿರಬೇಕು.

ಮೂರನೆಯದು ಚಿಕ್ಕ ವಿಷಯವೆಂದು ತಳ್ಳಿಹಾಕುವಂತಿಲ್ಲ. ಹೊಲದಲ್ಲಿ ಟಾರ್ಚಿನ ಬೆಳಕಿನಲ್ಲಿ ತಂತಿ ಬದಲಾಯಿಸುವವನಿಗೆ ಆ ಅಕ್ಷರಗಳೇ ದಾರಿದೀಪ. ಕಿಕ್ಯಾಡ್ ಎಂಬ ಉಚಿತ ವಿನ್ಯಾಸ ತಂತ್ರಾಂಶದ 7ನೆಯ ಆವೃತ್ತಿಯಲ್ಲಿ, ಅಂದರೆ 2023ರಿಂದ, ಕಂಪ್ಯೂಟರಿನಲ್ಲಿರುವ ಯಾವುದೇ ಫಾಂಟನ್ನು ಬೋರ್ಡಿನ ಮೇಲೆ ಬಳಸಲು ಅವಕಾಶವಾಗಿದೆ. ಅಮರಾಪುರದ ರೈತನಿಗಾಗಿ 'ಮೋಟಾರು' ಎಂದು ಕನ್ನಡದಲ್ಲೇ ಅಚ್ಚು ಹಾಕಿಸಲು ಈಗ ತಾಂತ್ರಿಕ ಅಡ್ಡಿಯೇನೂ ಇಲ್ಲ.

ಕಣ್ಣಿನಿಂದ ಯಂತ್ರಕ್ಕೆ

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ಅಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ ಆರಂಭವಾದದ್ದು 1948ರಲ್ಲಿ. ಭಾರತ್ ಇಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಸಿ.ಇ.ಡಿ.ಟಿ. ಎಂಬ ಇಲೆಕ್ಟ್ರಾನಿಕ್ ವಿನ್ಯಾಸ ಕೇಂದ್ರ ಆರಂಭವಾಯಿತು. ಆ ಕೇಂದ್ರದ ಗ್ರಂಥಮಾಲೆಯಲ್ಲಿ ವಾಲ್ಟರ್ ಬೊಸ್‌ಹಾರ್ಟ್ ಅವರು ಬರೆದ ಪ್ರಿಂಟೆಡ್ ಸರ್ಕಿಟ್ ಬೋರ್ಡುಗಳ ಪುಸ್ತಕ 1983ರಲ್ಲಿ ಹೊರಬಂದು, ನಮ್ಮ ದೇಶದ ಅನೇಕ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಸಿ.ಇ.ಡಿ.ಟಿ. ಈಗ ಇಲೆಕ್ಟ್ರಾನಿಕ್ ಸಿಸ್ಟಮ್ಸ್ ಇಂಜಿನಿಯರಿಂಗ್ ವಿಭಾಗವಾಗಿದೆ.

ಆ ಕಾಲದಲ್ಲಿ ಬೋರ್ಡಿನ ನಕ್ಷೆಯನ್ನು ನಿಜವಾದ ಅಳತೆಯ ಎರಡು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ, ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ತಯಾರಿಸುತ್ತಿದ್ದರು. ಮತ್ತೆ ಅದನ್ನು ಫೋಟೋ ತೆಗೆದು ಚಿಕ್ಕದಾಗಿಸುತ್ತಿದ್ದರು. ತಪಾಸಣೆಯೆಲ್ಲ ಕಣ್ಣಿನಿಂದಲೇ, ಕೈಯಲ್ಲಿ ಬಣ್ಣದ ಪೆನ್ಸಿಲು, ಕೆಳಗೆ ದೀಪವಿಟ್ಟ ಗಾಜಿನ ಮೇಜು. ಒಬ್ಬರು ನಕ್ಷೆ ಓದುವುದು, ಇನ್ನೊಬ್ಬರು ಗೆರೆಯ ಮೇಲೆ ಗುರುತು ಹಾಕುವುದು. ಆ ತಪಾಸಣೆಯಲ್ಲಿ ನಿಯಮಗಳೆಲ್ಲ ಹಿರಿಯ ನಕ್ಷೆಗಾರನ ತಲೆಯಲ್ಲಿ ಇರುತ್ತಿದ್ದುವು. ಆತ ನಿವೃತ್ತನಾದರೆ ನಿಯಮಗಳೂ ಅವನೊಂದಿಗೇ ಮನೆಗೆ ಹೋಗುತ್ತಿದ್ದುವು.

ಕಂಪ್ಯೂಟರು ಬಂದ ಮೇಲೆ ಕಣ್ಣಿನ ಆಯಾಸ ತಪ್ಪಿತು. ಆದರೆ ನಿಯಮವು ಒಬ್ಬನ ತಲೆಯಲ್ಲೇ ಉಳಿಯುವ ತೊಂದರೆ ತಪ್ಪಿತೆಂದು ಹೇಳಲಾಗದು. ಹಿಂದೆ ತಲೆಯಲ್ಲಿ ಇದ್ದದ್ದು ಈಗ ಒಬ್ಬನಿಗೆ ಮಾತ್ರ ಅರ್ಥವಾಗುವ ಕ್ರಮವಿಧಿಯಲ್ಲಿ ಕುಳಿತಿರುತ್ತದೆ, ಅಷ್ಟೆ. ಭಾಷೆಯ ಆಯ್ಕೆ ಮುಖ್ಯವಾಗುವುದು ಇಲ್ಲಿ.

ಮನೆಗೊಂದು ಮಾತು

ಸ್ಕ್ರಿಪ್ಟ್ ಭಾಷೆ ಎಂದರೆ ದೊಡ್ಡ ತಂತ್ರಾಂಶವೊಂದರ ಒಳಗೆ ನಿಂತು ಅದಕ್ಕೆ ಚಿಕ್ಕ ಚಿಕ್ಕ ಅಪ್ಪಣೆಗಳನ್ನು ಕೊಡುವ ಭಾಷೆ. ಈ ಭಾಷೆಗಳಲ್ಲಿ ಒಂದಾದ ಟಿಕಲ್ ಹುಟ್ಟಿದ್ದೇ ನಮ್ಮ ಪ್ರಶ್ನೆಗೆ ತೀರ ಹತ್ತಿರದ ತೊಂದರೆಯಿಂದ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು ಶಿಷ್ಯರೊಂದಿಗೆ ಚಿಪ್ಪುಗಳ ವಿನ್ಯಾಸಕ್ಕೆ ಬೇಕಾದ ತಂತ್ರಾಂಶಗಳನ್ನು ಕಟ್ಟುತ್ತಿದ್ದರು. ಪ್ರತಿಯೊಂದು ತಂತ್ರಾಂಶಕ್ಕೂ ಅವಸರದಲ್ಲಿ ಒಂದೊಂದು ಅಪ್ಪಣೆಯ ಭಾಷೆಯನ್ನು ಮಾಡಿಬಿಡುವುದು, ಅದು ದುರ್ಬಲವಾಗಿರುವುದು, ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಬಾರದಿರುವುದು — ಇದನ್ನು ಕಂಡು ಬೇಸತ್ತ ಅವರು, ಯಾವ ತಂತ್ರಾಂಶದೊಳಗೂ ಇರಿಸಬಹುದಾದ ಒಂದೇ ಭಾಷೆಯನ್ನು 1988ರಲ್ಲಿ ರಚಿಸತೊಡಗಿದರು. ಆ ಭಾಷೆ ಇಂದಿಗೂ ಚಿಪ್ಪು ವಿನ್ಯಾಸದ ಲೋಕದಲ್ಲಿ ಬಳಕೆಯಲ್ಲಿದೆ.

ಆದರೆ ಬೋರ್ಡುಗಳ ಲೋಕದಲ್ಲಿ ಒಂದೇ ಭಾಷೆ ಎಂಬ ಕನಸು ನನಸಾಗಲಿಲ್ಲ. ಕೇಡೆನ್ಸ್ ಸಂಸ್ಥೆಯ ಅಲೆಗ್ರೊದಲ್ಲಿ ಸ್ಕಿಲ್ ಎಂಬ ಭಾಷೆ. ಅದು 1958ರಷ್ಟು ಹಳೆಯದಾದ ಲಿಸ್ಪ್ ಎಂಬ ಭಾಷೆಯ ವಂಶದ್ದು. ಅದೇ ಸಂಸ್ಥೆಯ ಆರ್ಕ್ಯಾಡ್ ಕ್ಯಾಪ್ಚರಿನಲ್ಲಿ ಟಿಕಲ್. ಆಲ್ಟಿಯಮ್‌ನಲ್ಲಿ ಡೆಲ್ಫಿ, ವಿ.ಬಿ. ಮತ್ತು ಜೆ. ಸ್ಕ್ರಿಪ್ಟುಗಳು. ಜರ್ಮನಿಯಲ್ಲಿ ಹುಟ್ಟಿದ ಈಗಲ್‌ನಲ್ಲಿ ಅದರದೇ ಆದ, ಸಿ ಭಾಷೆಯನ್ನು ಹೋಲುವ ಒಂದು ಭಾಷೆ. ಫ್ರಾನ್ಸಿನ ಜಾನ್ ಪಿಯರ್ ಶಾರಾ ಅವರು 1992ರಲ್ಲಿ ಆರಂಭಿಸಿದ ಕಿಕ್ಯಾಡ್‌ನಲ್ಲಿ ಪೈಥಾನ್. ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿಗಳ ನಡುವೆ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವ ಅಂಗಡಿಗೆ ಹೋದರೆ ಯಾವ ಮಾತು ಆಡಬೇಕೆಂಬುದು ನಮ್ಮ ಮಕ್ಕಳಿಗೆ ಎಳವೆಯಿಂದಲೇ ಗೊತ್ತಿರುತ್ತದೆ.

ಇಷ್ಟರ ಮೇಲೆ, ಕೆಲವು ನಿಯಮಗಳಿಗೆ ಸ್ಕ್ರಿಪ್ಟಿನ ಅಗತ್ಯವೇ ಇಲ್ಲ. ಕಿಕ್ಯಾಡ್‌ನ 6ನೆಯ ಆವೃತ್ತಿ 2021ರ ದಶಂಬರದಲ್ಲಿ ಬಂದಾಗ ಅದರಲ್ಲಿ ನಿಯಮಗಳನ್ನು ಬರೆಯಲೆಂದೇ ಒಂದು ಸಣ್ಣ ಭಾಷೆಯನ್ನು ಸೇರಿಸಿದರು. 'ಇಂಥ ವರ್ಗದ ಗೆರೆಗೂ ಅಂಥ ವರ್ಗದ ಗೆರೆಗೂ ಇಷ್ಟು ಅಂತರ' ಎಂದು ನಾಲ್ಕು ಸಾಲಿನಲ್ಲಿ ಅದರಲ್ಲಿ ಬರೆದರೆ ಸಾಕು; ಲೆಕ್ಕ ಹಾಕುವ ಕೆಲಸ ತಂತ್ರಾಂಶದ್ದು. 2025ರಲ್ಲಿ ಬಂದ 9ನೆಯ ಆವೃತ್ತಿಯಲ್ಲಿ, ಗಾಳಿಯಲ್ಲಿ ನೇರ ಅಂತರ ಬೇರೆ, ಹಲಗೆಯ ಮೇಲ್ಮೈಯನ್ನು ಹಿಡಿದು ಹೋಗುವ ಅಂತರ ಬೇರೆ ಎಂಬ ಭೇದವನ್ನೂ ಈ ನಿಯಮಗಳಲ್ಲಿ ಹೇಳಲು ಬರುತ್ತದೆ. ನಮ್ಮ ಮೊದಲನೆಯ ನಿಯಮಕ್ಕೆ ಬೇಕಾದದ್ದು ಇದೇ.

ಎರಡನೆಯ ನಿಯಮ ಹಾಗಲ್ಲ. ಯಾವ ರಿಲೇಗೆ ಯಾವ ಡಯೋಡು ಜೋಡಿ ಎಂಬುದನ್ನು ಮೊದಲು ತಂತಿಗಳ ಸಂಬಂಧದಿಂದ ಕಂಡುಹಿಡಿಯಬೇಕು. ಆಮೇಲೆ ಅಂತರವನ್ನು ಅಳೆಯಬೇಕು. ಜೋಡಿ ಸಿಗದಿದ್ದರೆ ಅದನ್ನೂ ಹೇಳಬೇಕು. ಇದಕ್ಕೆ ನಿಜವಾದ ಸ್ಕ್ರಿಪ್ಟ್ ಭಾಷೆಯೇ ಬೇಕು. ಮೂರನೆಯ ನಿಯಮವೂ ಇದೇ ಜಾತಿಯದು.

ಭಾಷೆಗೂ ಆಯುಷ್ಯವಿದೆ

ಹೊಸಬರು ಸಾಮಾನ್ಯವಾಗಿ ಯಾವ ಭಾಷೆ ವೇಗವಾಗಿದೆ, ಯಾವುದು ಚೆಂದವಾಗಿದೆ ಎಂದು ಚರ್ಚೆ ಮಾಡುತ್ತಾರೆ. ಕೆಲವು ನೂರು ಬಿಡಿಭಾಗಗಳಿರುವ ಬೋರ್ಡಿನ ತಪಾಸಣೆಗೆ ಯಾವ ಭಾಷೆಯ ವೇಗವಾದರೂ ಸಾಕು. ನೋಡಬೇಕಾದದ್ದು ಆಯುಷ್ಯವನ್ನು. ಸ್ಟಾರ್ಟರು ಪೆಟ್ಟಿಗೆಯೊಂದು ಹೊಲದಲ್ಲಿ ಹತ್ತು ವರ್ಷ ನಿಲ್ಲಬಹುದು. ಅಷ್ಟು ಕಾಲವೂ ಆ ಬೋರ್ಡನ್ನು ತಿದ್ದಿ ಮತ್ತೆ ಪರೀಕ್ಷಿಸುವ ಅಗತ್ಯ ಬೀಳಬಹುದು.

ಕಳೆದ ಕೆಲವು ವರ್ಷಗಳ ಘಟನೆಗಳನ್ನೇ ನೋಡಿ. ಪೈಥಾನ್ ಭಾಷೆಯ 2ನೆಯ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಅದರಲ್ಲಿ ಬರೆದದ್ದನ್ನೆಲ್ಲ 3ನೆಯ ಆವೃತ್ತಿಗೆ ತಿದ್ದಬೇಕಾಯಿತು. ವಿ.ಬಿ. ಸ್ಕ್ರಿಪ್ಟನ್ನು ವಿಂಡೋಸ್‌ನಿಂದ ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೊಸಾಫ್ಟ್ 2023ರಲ್ಲಿ ಪ್ರಕಟಿಸಿತು. ಅದೇ ವರ್ಷ ಆಟೋಡೆಸ್ಕ್ ಸಂಸ್ಥೆಯು ಈಗಲ್ ತಂತ್ರಾಂಶವನ್ನು 2026ರ ಜೂನ್‌ನಲ್ಲಿ ನಿಲ್ಲಿಸುವುದಾಗಿ ಹೇಳಿ, ಬಳಕೆದಾರರು ತನ್ನ ಫ್ಯೂಷನ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಬರಬೇಕೆಂದಿತು. ಕಿಕ್ಯಾಡ್‌ನವರು 2025ರ 9ನೆಯ ಆವೃತ್ತಿಯಲ್ಲಿ ಪೈಥಾನಿನಿಂದ ಬೋರ್ಡನ್ನು ತಲಪುವ ಹೊಸ ದಾರಿಯನ್ನು ಮಾಡಿ, ಹಳೆಯ ದಾರಿಯನ್ನು ಮುಂದೆ ಮುಚ್ಚುವುದಾಗಿ ತಿಳಿಸಿದರು. ಇದಕ್ಕೆ ಪ್ರತಿಯಾಗಿ, ಹಳೆಯ ಕಾಲದ್ದೆಂದು ಹುಡುಗರು ಮೂಗು ಮುರಿಯುವ ಸ್ಕಿಲ್ ಭಾಷೆ ಮೂರು ದಶಕಗಳನ್ನು ದಾಟಿ ಇನ್ನೂ ಕೆಲಸ ಮಾಡುತ್ತಿದೆ.

ಇದರಿಂದ ತಿಳಿಯುವುದೇನು? ಜನಪ್ರಿಯ ಭಾಷೆಯನ್ನು ಆರಿಸಿದ ಮಾತ್ರಕ್ಕೆ ಭದ್ರತೆ ದೊರೆಯಿತೆನ್ನಲಾಗದು. ಭಾಷೆ ಉಳಿದರೂ ತಂತ್ರಾಂಶದೊಳಗೆ ಅದು ಹೋಗುವ ಬಾಗಿಲು ಬದಲಾಗಬಹುದು. ಒಂದು ಭಾಷೆ ಉಳಿಯುವುದು ಅದರ ಹಿರಿಮೆಯಿಂದಲ್ಲ. ಅದನ್ನು ಓದುವವರು, ಕಲಿಸುವವರು, ಅದರಲ್ಲಿ ಕಡತ ಇಡುವ ಕಚೇರಿಗಳು ಇದ್ದರೆ ಉಳಿಯುತ್ತದೆ. ಈ ಮಾತನ್ನು ಕಾಸರಗೋಡಿನ ಮತ್ತು ಅಮರಾಪುರದ ಕನ್ನಡಿಗರಿಗೆ ಯಾರೂ ಹೊಸತಾಗಿ ಹೇಳಿಕೊಡಬೇಕಾಗಿಲ್ಲ.

ಆಯ್ಕೆಯ ಕ್ರಮ

ಹಾಗಾದರೆ ಆರಿಸುವುದು ಹೇಗೆ? ನಮ್ಮ ತೀರ್ಮಾನವನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ತಂತ್ರಾಂಶದ ನಿಯಮಭಾಷೆಯಲ್ಲಿ ಹೇಳಲು ಸಾಧ್ಯವಾದದ್ದನ್ನು ಅದರಲ್ಲೇ ಹೇಳಬೇಕು. ಸ್ಕ್ರಿಪ್ಟಿಗೆ ಕೈ ಹಾಕಬಾರದು. ಅಂತಹ ನಿಯಮಗಳು ಬೋರ್ಡಿನ ಕಡತದ ಜೊತೆಗೇ ಹೋಗುತ್ತವೆ. ಅವನ್ನು ತಿದ್ದಲು ಕ್ರಮವಿಧಿ ಬರೆಯಬಲ್ಲ ಪಂಡಿತನೇ ಬೇಕೆಂದಿಲ್ಲ. ಗೆರೆ ಎಳೆಯುತ್ತಿರುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಎರಡನೆಯದಾಗಿ, ಸ್ಕ್ರಿಪ್ಟು ಬೇಕೇ ಬೇಕಾದರೆ, ಸಂಸ್ಥೆ ಬಳಸುವ ತಂತ್ರಾಂಶದ ಮನೆಮಾತು ಯಾವುದೋ ಅದನ್ನೇ ಬಳಸಬೇಕು. ಅಲೆಗ್ರೊ ಇರುವಲ್ಲಿ ಸ್ಕಿಲ್ ಕಲಿಯಿರಿ. 'ನನಗೆ ಪೈಥಾನ್ ಬರುತ್ತದೆ' ಎಂದು ಸುತ್ತುದಾರಿ ಹಿಡಿಯಬೇಡಿ. ಎರಡು ಭಾಷೆಗಳ ನಡುವೆ ದುಭಾಷಿಯಾಗಿ ನಿಂತ ಸ್ಕ್ರಿಪ್ಟು ಎಲ್ಲಕ್ಕಿಂತ ಮೊದಲು ಮುರಿಯುತ್ತದೆ.

ಮೂರನೆಯದಾಗಿ, ಆಯ್ಕೆ ನಿಮ್ಮ ಕೈಯಲ್ಲೇ ಇದ್ದರೆ, ತಂತ್ರಾಂಶಕ್ಕೆ ಕೊಡಲು ಹೆಚ್ಚು ಹಣವೂ ಇಲ್ಲದಿದ್ದರೆ, ಕಿಕ್ಯಾಡ್ ಮತ್ತು ಪೈಥಾನ್ ಒಳ್ಳೆಯ ಜೋಡಿ. ಎರಡೂ ಉಚಿತ. ಪೈಥಾನ್ ಓದಬಲ್ಲವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಬರೆದವನು ಕೆಲಸ ಬಿಟ್ಟು ಹೋದರೂ ಮುಂದೆ ಓದುವವನೊಬ್ಬ ಸಿಗುತ್ತಾನೆ. ಕಿಕ್ಯಾಡ್‌ನ ಕಡತವು ಸಾದಾ ಅಕ್ಷರಗಳಲ್ಲೇ ಇರುವುದರಿಂದ ತಂತ್ರಾಂಶವನ್ನು ತೆರೆಯದೆಯೂ ಅದನ್ನು ಓದಿ ಪರೀಕ್ಷೆ ಮಾಡಬಹುದು. 2024ರ 8ನೆಯ ಆವೃತ್ತಿಯಿಂದ ಇಡೀ ತಪಾಸಣೆಯನ್ನೇ ಒಂದು ಸಾಲಿನ ಅಪ್ಪಣೆಯಿಂದ ನಡೆಸಲೂ ಬರುತ್ತದೆ.

ನಾಲ್ಕನೆಯದಾಗಿ, ಯಾವ ಭಾಷೆಯಾದರೂ ಸರಿ, ಸ್ಕ್ರಿಪ್ಟನ್ನು ಎರಡು ಭಾಗ ಮಾಡಿ. ಬೋರ್ಡಿನಿಂದ ಮಾಹಿತಿಯನ್ನು ತೆಗೆಯುವ ಭಾಗ ಒಂದು. ನಿಯಮವನ್ನು ಪರೀಕ್ಷಿಸುವ ಭಾಗ ಇನ್ನೊಂದು. ನಾಳೆ ತಂತ್ರಾಂಶದ ಬಾಗಿಲು ಬದಲಾದರೆ ಮೊದಲನೆಯ ಭಾಗವನ್ನು ಮಾತ್ರ ತಿದ್ದಿದರಾಯಿತು. ರಿಲೇ ಮತ್ತು ಡಯೋಡಿನ ಸಂಬಂಧ ಎಂದಿಗೂ ಬದಲಾಗುವುದಿಲ್ಲ.

ಐದನೆಯದಾಗಿ, ಬೇಕೆಂದೇ ತಪ್ಪು ಮಾಡಿದ ಒಂದು ಬೋರ್ಡನ್ನು ಇಟ್ಟುಕೊಂಡಿರಿ. ಡಯೋಡು ಇಲ್ಲದ ರಿಲೇ ಒಂದು, 3 ಮಿಲಿಮೀಟರಿಗೆ ಬಂದ ಗೆರೆ ಒಂದು, ಹೆಸರಿಲ್ಲದ ಟರ್ಮಿನಲ್ ಒಂದು ಅದರಲ್ಲಿರಲಿ. ಸ್ಕ್ರಿಪ್ಟು ಬದಲಾದಾಗಲೆಲ್ಲ ಮೊದಲು ಅದರ ಮೇಲೆ ಓಡಿಸಿ ನೋಡಿ. ಮೂರು ತಪ್ಪುಗಳನ್ನೂ ಅದು ಹಿಡಿದರೆ ಸರಿ. 'ಯಾವ ತಪ್ಪೂ ಇಲ್ಲ' ಎಂದು ಹೇಳುವ ಸ್ಕ್ರಿಪ್ಟು ಬೋರ್ಡು ಸರಿಯಿರುವುದರಿಂದ ಹಾಗೆ ಹೇಳುತ್ತಿದೆಯೋ, ತಾನೇ ಕೆಟ್ಟುನಿಂತಿರುವುದರಿಂದ ಹಾಗೆ ಹೇಳುತ್ತಿದೆಯೋ ಎಂಬುದು ಬೇರೆ ರೀತಿಯಲ್ಲಿ ತಿಳಿಯದು. ಕೆಟ್ಟ ತಪಾಸಣೆ ತಪಾಸಣೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಅದನ್ನು ನಂಬಿ ಎಲ್ಲರೂ ಕಣ್ಣು ಮುಚ್ಚಿರುತ್ತಾರೆ.

ಕನ್ನಡ ಶಾಲೆಯ ಮಕ್ಕಳಿಗೆ

ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದೆಲ್ಲ ಎಟಕುವುದೇ ಎಂದು ಹೆತ್ತವರು ಕೇಳುವುದುಂಟು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಪಾಸಣೆಯ ಕೆಲಸದಲ್ಲಿ ಕಷ್ಟವಾದದ್ದು ಪೈಥಾನ್ ಅಲ್ಲ, ಸ್ಕಿಲ್ ಅಲ್ಲ. ನಿಯಮವನ್ನು ಎರಡರ್ಥಕ್ಕೆ ಎಡೆಯಿಲ್ಲದಂತೆ ಒಂದು ವಾಕ್ಯದಲ್ಲಿ ಹೇಳುವುದೇ ಕಷ್ಟ. 'ಡಯೋಡು ಹತ್ತಿರ ಇರಬೇಕು' ಎಂದರೆ ಕಂಪ್ಯೂಟರಿಗೆ ಏನೂ ತಿಳಿಯದು. ಯಾವ ಡಯೋಡು, ಯಾವುದರಿಂದ, ಎಲ್ಲಿಂದ ಎಲ್ಲಿಗೆ ಅಳತೆ, ಎಷ್ಟು, ಇಲ್ಲದಿದ್ದರೆ ಏನು — ಇವಿಷ್ಟೂ ಆ ವಾಕ್ಯದಲ್ಲಿ ಬರಬೇಕು. ಇದು ಯೋಚನೆಯ ಕೆಲಸ. ಯೋಚನೆ ತಾಯಿನುಡಿಯಲ್ಲೇ ಚೊಕ್ಕಟವಾಗಿ ನಡೆಯುತ್ತದೆ. ಮೊದಲು ನಿಯಮವನ್ನು ಕನ್ನಡದಲ್ಲಿ ಬರೆಯಿರಿ. ಅದು ಕನ್ನಡದಲ್ಲಿ ಸ್ಪಷ್ಟವಾಗದಿದ್ದರೆ ಯಾವ ಕಂಪ್ಯೂಟರ್ ಭಾಷೆಯಲ್ಲೂ ಸ್ಪಷ್ಟವಾಗದು.

2008ರಲ್ಲಿ ಬಂದ ಪೈಥಾನಿನ 3ನೆಯ ಆವೃತ್ತಿಯಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಲೂ ಅವಕಾಶವಿದೆ. ಆದರೆ ಕಚೇರಿಯಲ್ಲಿ ನಾಲ್ಕು ರಾಜ್ಯದವರು ಕೂಡಿ ಕೆಲಸ ಮಾಡುವಾಗ ಹೆಸರುಗಳು ಎಲ್ಲರೂ ಓದುವ ಲಿಪಿಯಲ್ಲಿರುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಓದಲಾಗದ ಫಾರಂ ಕೈಗೆ ಬಂದಾಗ ಆಗುವ ಕಷ್ಟ ನಮಗೆ ಗೊತ್ತಿರುವುದರಿಂದ, ಅದನ್ನು ಇನ್ನೊಬ್ಬರಿಗೆ ನಾವು ಕೊಡಬಾರದು. ನಿಯಮದ ವಿವರಣೆಯನ್ನಾದರೆ ಎರಡೂ ಭಾಷೆಗಳಲ್ಲಿ ಬರೆದಿಡಲು ಏನಡ್ಡಿ? ಪ್ರತಿಯೊಂದು ನಿಯಮದ ಮೇಲೆ ಮೂರು ವಿಷಯಗಳಿರಲಿ: ನಿಯಮ ಏನು, ಏಕೆ, ಎಂದು ಬರೆದದ್ದು. ಕಾರಣ ಬರೆಯದ ನಿಯಮವನ್ನು ಮುಂದೆ ಬರುವವನು ಅನಗತ್ಯವೆಂದು ಅಳಿಸಿಹಾಕುತ್ತಾನೆ. 8 ಮಿಲಿಮೀಟರ್ ಏಕೆಂದು ತಿಳಿಯದವನು ಸ್ಥಳ ಸಾಲದಾದಾಗ ಅದನ್ನು 4 ಮಾಡುತ್ತಾನೆ.

ಕಲಿಯುವ ದಾರಿಗಳೂ ಇವೆ. ಮುಂಬಯಿ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಅನೇಕ ಪಾಠಗಳು ಕನ್ನಡ ಧ್ವನಿಯಲ್ಲೂ ಉಚಿತವಾಗಿ ದೊರೆಯುತ್ತವೆ. ಅದೇ ಸಂಸ್ಥೆಯ ಫಾಸ್ಸೀ ಯೋಜನೆಯವರು ಕಿಕ್ಯಾಡ್ ಮುಂತಾದವನ್ನು ಜೋಡಿಸಿ ಇ-ಸಿಮ್ ಎಂಬ ಉಚಿತ ತಂತ್ರಾಂಶವನ್ನು ವಿದ್ಯಾರ್ಥಿಗಳಿಗಾಗಿ ಮಾಡಿದ್ದಾರೆ. ಕೇರಳದೊಳಗೇ, ಕಲ್ಲಿಕೋಟೆಯಲ್ಲಿ, ಹಿಂದೆ ಸಿ.ಇ.ಡಿ.ಟಿ.ಐ. ಎಂದಿದ್ದ ಕೇಂದ್ರ ಸರಕಾರದ ಸಂಸ್ಥೆಯೊಂದು ಈಗ ನೀಲಿಟ್ ಎಂಬ ಹೆಸರಿನಲ್ಲಿ ಇಲೆಕ್ಟ್ರಾನಿಕ್ ವಿಷಯಗಳ ತರಬೇತಿ ನೀಡುತ್ತದೆ.

ಇಲೆಕ್ಟ್ರಾನಿಕ್ಸ್ ಕಲಿಯುತ್ತಿರುವ ಮಗ ಮಗಳು ಮನೆಯಲ್ಲಿದ್ದರೆ, 'ಎಷ್ಟು ಭಾಷೆ ಕಲಿತೆ?' ಎಂದು ಕೇಳುವ ಬದಲು ಒಂದು ಹಳೆಯ ಬೋರ್ಡನ್ನು ಕೈಗೆ ಕೊಟ್ಟು, ಅದರಲ್ಲಿ ಏನೇನು ತಪ್ಪಬಾರದು ಎಂಬುದನ್ನು ಹತ್ತು ಕನ್ನಡ ವಾಕ್ಯಗಳಲ್ಲಿ ಬರೆಯಲು ಹೇಳಿ. ಆ ಹತ್ತು ವಾಕ್ಯಗಳನ್ನು ಸರಿಯಾಗಿ ಬರೆಯಬಲ್ಲವರಿಗೆ ಮುಂದಿನ ಭಾಷೆ ಯಾವುದಾದರೂ ಕೆಲವು ತಿಂಗಳ ಅಭ್ಯಾಸದ ಮಾತು.